ಗೋಲ ಕಪ್ಪು ಮಾಡೋ ವಿದ್ಯಾ

ನಮ್ಮ ಮಿಡ್ಲ್ ಸ್ಕೂಲ್ ಹುಡ್ರಿಗಿ ಈಗ ಟೆಸ್ಟಿನ ಸುಗ್ಗಿ ನಡದದ ನೋಡ್ರಿ. ಪಾಠ ಮುಗೀತಂದ್ರ ಒಂದು ಟೆಸ್ಟು, ಮುಗೀಲಿಲ್ಲ ಅಂದ್ರ ಯಾಕ ಮುಗೀಲಿಲ್ಲ ಅಂತ ಮಾಸ್ತರಿಗಿ ನೋಟಿಸು, ಇದ್ರ ಮ್ಯಾಲ ದಿಲ್ಲಿ ಸರ್ವೇ ಬ್ಯಾರೆ. ಯಾಕಂದ್ರ ಜಿಲ್ಲಾದ ಮಾನ ಹೋಗ್ಯದಲ್ರಿ. 2024ರಾಗ ಎಸ್ಸೆಸ್ಸೆಲ್ಸಿ ಒಳಗ ಯಾದಗಿರಿ 50.59 ಪರ್ಸೆಂಟ್ ಪಾಸ್ ತಗೊಂಡು ಕಡಿಗಿ ಕುಂತಿತ್ತು, 2025ರ ಮದಲನೇ ಪರೀಕ್ಷಾದಾಗ ನಮ್ಮ ಕಲಬುರಗಿ 42.43ಕ್ಕ ಇಳದು, ಏಳ್ರಿ ನೀವು ದಣದೀರಿ ಅಂತ ಅವರನ್ನ ಎಬ್ಬಿಸಿ ಆ ಕುರ್ಚಿ ಹಿಡೀತು. ನೆರಿಯವರ ಕಷ್ಟಕ್ಕ ಆಗೋದಂದ್ರ ಇದಾ.

ಇಷ್ಟಾದ ಮ್ಯಾಲ ಸಾಹೇಬ್ರಿಗಿ ಜ್ಞಾನೋದಯ ಆಗ್ಯದ, ಹತ್ತನೇದಾಗ ಹಿಡದ್ರ ಲೇಟಾತು, ಎಂಟನೇದಾಗೇ ಹಿಡೀರಿ ಅಂತ. ಛಲೋ ಮಾತು, ಚಪ್ಪಾಳಿ ಹೊಡೀರಿ. ಆದ್ರ ಹಿಡಿಯೋದು ಅಂದ್ರ ಅವರ ಲೆಕ್ಕದಾಗ ಕಲಿಸೋದಲ್ಲ, ಟೆಸ್ಟ್ ಮಾಡಿ ನಿಗದಿತ ನಮೂನೆಯಲ್ಲಿ ಸಂಜಿ ಐದರೊಳಗ ಕಳಿಸೋದು. ಸುತ್ತಲಿನ ಸಾಲಿಗೋಳನ್ನ ನೋಡ್ಕೊಳ್ಳೋ ಸಿಆರ್‌ಪಿ ಅದನ್ನ ತಾಲೂಕಿನ ಬಿಇಒ ಆಫೀಸಿಗಿ ಕೊಡ್ತಾನ, ಅವರು ಜಿಲ್ಲಾದ ಡಿಡಿಪಿಐ ಆಫೀಸಿಗಿ, ಅಲ್ಲಿಂದ ಕ್ರೋಢೀಕೃತ ವರದಿ ಆಗಿ ಬೆಂಗಳೂರಿಗಿ. ಹುಡುಗ ಎಲ್ಲಿಗೂ ಹೋಗಲ್ಲ, ಅದೇ ಬೆಂಚಿನ ಮ್ಯಾಲ ಅದೇ ಕಳಿಯೋ ಲೆಕ್ಕದಾಗ ಸಾಲ ತಗೊಳ್ಳದು ಮರತು ಕುಂತಿರ್ತಾನ.

ಐದು, ಎಂಟು, ಒಂಬತ್ತಕ್ಕ ಬೋರ್ಡ್ ಪರೀಕ್ಷಾ ಮಾಡಿದ್ರಲ್ಲ 2024ರಾಗ, ಅದನ್ನ ಮರತೀರೇನ್ರಿ? ಮಾರ್ಚ್ 6ಕ್ಕ ಹೈಕೋರ್ಟ್ ಬ್ಯಾಡಂತು, ಮರುದಿನ ಅದೇ ಹೈಕೋರ್ಟಿನ ಇನ್ನೊಂದು ಪೀಠ ನಡೀಲಿ ಅಂತು, 11ಕ್ಕ ಶುರು ಮಾಡಿದ್ರು, 12ಕ್ಕ ಸುಪ್ರೀಂ ಕೋರ್ಟ್ ತಡೀತು, 25ಕ್ಕ ಮತ್ತ ಬರೀರಿ ಅಂದ್ರು, ಏಪ್ರಿಲ್ 8ಕ್ಕ ರಿಸಲ್ಟ್ ಹಚ್ಚೋ ದಿನಾನೇ ಮತ್ತ ಸುಪ್ರೀಂ ಕೋರ್ಟ್ ತಡಿ. ಸರ್ ನಾ ಪಾಸೋ ಫೇಲೋ ಅಂತ ಹುಡುಗ ಕೇಳಿದ್ರ, ತಮ್ಮಾ ನಿನ್ ಕೇಸ್ ದಿಲ್ಯಾಗದ ಅಂತ ಹೇಳಬೇಕಿತ್ತು ಮಾಸ್ತರ್. ನಮ್ ಕಡಿ ಹೊಲದ ವ್ಯಾಜ್ಯಗೋಳೇ ಸುಪ್ರೀಂ ಕೋರ್ಟಿನ ತನಾ ಹೋಗಲ್ಲ, ಹನ್ನೆರಡು ವರ್ಷದ ಕೂಸಿನ ಸಮಾಜ ವಿಜ್ಞಾನ ಹೋಗಿತ್ತು.

ಅದೇ ವರ್ಷ ಡಿಸೆಂಬರ್ 4ಕ್ಕ ದಿಲ್ಲಿಯವರ ಪರಖ್ ಸರ್ವೇ, ಮೂರು, ಆರು, ಒಂಬತ್ತನೇ ಕ್ಲಾಸಿಗಿ. ಇದು ಸ್ಯಾಂಪಲ್ ಸರ್ವೇ, ಹುಡ್ರು ಇದ್ದಂಗ ನೋಡಾಕ ಇರೋದು, ಪಾಸು ಫೇಲು ಏನಿಲ್ಲ. ಹೌದಿಲ್ರಿ? ಆದ್ರ ಇಂಥ ಸರ್ವೇ ಬರ್ತದಂದ್ರ ಸಾಕು, ಮಾಡೆಲ್ ಪೇಪರ್ ಏನು, ಉತ್ತರದ ಗೋಲ ಕಪ್ಪು ಮಾಡೋ ಒಎಂಆರ್ ಹಾಳಿ ಪ್ರಾಕ್ಟೀಸ್ ಏನು. ಶುಗರ್ ಟೆಸ್ಟಿಗಿ ಹೋಗೋ ಮುಂಚಿ ಎರಡು ದಿನ ರೊಟ್ಟಿ ಪಲ್ಯಾ ತಿಂದು ಡಾಕ್ಟ್ರಿಗಿ ಟೋಪಿ ಹಾಕ್ತಾನಲ್ಲ ನಮ್ಮ ಕಾಕಾ, ಅದೇ ಬುದ್ಧಿ. ಗೋಲದ ಹೊರಗ ಶಾಯಿ ಹೋಗಬಾರ್ದು, ಅರ್ಧ ತುಂಬಬಾರ್ದು, ಒಂದು ಪ್ರಶ್ನೆಕ್ಕ ಎರಡು ಗೋಲ ಕಪ್ಪು ಮಾಡಬಾರ್ದು. ಪ್ರಶ್ನೆ ಓದಾಕ ಬರ್ತದೇನು ಅಂತ ಯಾರೂ ಕೇಳಲ್ಲ, ಗೋಲ ಅಂತೂ ಛಂದ ತುಂಬ್ತಾರ.

ಮತ್ತ ಡಿಸೆಂಬರ್ ಅಂದ್ರ ಏನ್ರಿ ಯಾದಗಿರಿ ಕಡಿ? ಹತ್ತಿ ಬಿಡಿಸೋ ಟೈಮು. ಅರ್ಧ ಕ್ಲಾಸು ಹೊಲದಾಗ ಇರ್ತದ. ಮಾಸ್ತರ್ ಬೈಕ್ ತಗೊಂಡು ಹೊಲಕ್ಕ ಹೋಗಿ, ಯವ್ವಾ ಇವತ್ತೊಂದಿನ ಕಳಸ್ರಿ, ಮ್ಯಾಲಿಂದ ಮಂದಿ ಬರ್ತಾರ ಅಂತ ಕೈಮುಗದು ಇಬ್ಬರನ್ನ ಹಿಂದ ಕೂಡಿಸ್ಕೊಂಡು ಬರ್ಬೇಕು. ಬಂದ ಹುಡುಗಿ ಬೆರಳ ತುದಿಗೆಲ್ಲಾ ಹತ್ತಿಕಾಯಿ ಗೀರಿದ ಗೆರಿ, ತಲಿಗಿ ಇನ್ನೂ ಅರಳಿ ಹತ್ತೇದ. ಪೆನ್ನು ಹಿಡಕೊಂಡು ನಾಲ್ಕು ಗೋಲದಾಗ ಯಾವುದು ಛಂದ ಕಾಣ್ತದ ಅಂತ ನೋಡಿ ಕಪ್ಪು ಮಾಡಿ ಮತ್ತ ಹೊಲಕ್ಕ ಹೋಗ್ತಾಳ. ಆಮ್ಯಾಲ ಆಕಿನ ಗೋಲದ ಮ್ಯಾಲ ದಿಲ್ಯಾಗ ಪಿಪಿಟಿ ಆಗ್ತದ, ಬಣ್ಣಬಣ್ಣದ ಬಾರ್ ಚಾರ್ಟು.

ಮಾಸ್ತರ್ ಅಂದ ಕೂಡ್ಲೇ ನೆನಪಾತು. 2025ರ ಸಪ್ಟೆಂಬರ್ 22ರಿಂದ ಜಾತಿ ಸಮೀಕ್ಷಾ ಅಂತ ಮಾಸ್ತರ್‌ಗೋಳನ್ನ ಮನಿಮನಿಗಿ ಓಡಿಸಿದ್ರಲ್ಲ, 60 ಪ್ರಶ್ನೆ ಹಿಡ್ಕೊಂಡು. ಆ್ಯಪ್ ತಗೀವಲ್ದು, ನೆಟ್ವರ್ಕ್ ಹುಡಕ್ಕೊಂಡು ಮಾಳಿಗಿ ಏರ್ಬೇಕು, ಮನಿಯವರು ಕೇಳೋದು, ಏನ್ ಸರ ಫ್ರಿಜ್ ಅದ ಅಂದ್ರ ರೇಷನ್ ಕಾರ್ಡ್ ಹೋಗ್ತದೇನು? ದಸರಾ ರಜಾ ಅಕ್ಟೋಬರ್ 18ರ ತನಾ ಜಗ್ಗಿದ್ರು. ಹುಡ್ರಿಗಿ ಖುಷಿ. ಸಾಲಿ ಶುರು ಆದ ಮ್ಯಾಲ ಅದೇ ಮಾಸ್ತರಿಗಿ ಪ್ರಶ್ನೆ, ಸಿಲಬಸ್ ಯಾಕ ಹಿಂದ ಅದ, ಟೆಸ್ಟಿನ ಮಾರ್ಕ್ಸ್ ಯಾಕ ಅಪ್‌ಲೋಡ್ ಆಗಿಲ್ಲ.

ನಗಿ ಬರವಲ್ತು ಖರೇ ಹೇಳ್ಬೇಕಂದ್ರ. ಆರ್‌ಟಿಇ ಅಂದ್ರ ಶಿಕ್ಷಣ ಹಕ್ಕಿನ ಕಾನೂನಿನಾಗ ಬರದಾರ, ಆರರಿಂದ ಎಂಟಕ್ಕ ಲೆಕ್ಕ-ವಿಜ್ಞಾನಕ್ಕ ಒಬ್ರು, ಸಮಾಜಕ್ಕ ಒಬ್ರು, ಭಾಷಾಕ್ಕ ಒಬ್ರು ಇರ್ಬೇಕಂತ. 2009ರ ಕಾನೂನು ಅದು. ನಮ್ ಕಡಿ ಹಳ್ಳಿಗೋಳಾಗ ಹೋಗಿ ನೋಡ್ರಿ, ಕನ್ನಡ ಮಾಸ್ತರ್ ಬೀಜಗಣಿತ ಹೇಳ್ಲತ್ತಾರ, ಗೆಸ್ಟ್ ಟೀಚರಿಗಿ ತಿಂಗಳಾನುಗಟ್ಲೆ ಪಗಾರ ಇಲ್ಲ, ಇದ್ದ ಒಬ್ಬಾಕಿ ಡೆಪ್ಯುಟೇಷನ್ ಮ್ಯಾಲ ಹೋಗ್ಯಾಳ. ಮಾಸ್ತರ್ ಕೊಡ್ರಿ ಅಂತ ಊರವರು ಅರ್ಜಿ ಕೊಟ್ರ ಪ್ರಶ್ನೆ ಪತ್ರಿಕಾ ಕಳಸ್ತೀರಿ. ಆ ಹುಡುಗ ಏನ್ ಕಲ್ತಿಲ್ಲ ಅಂತ ನಿಮಗ ಮದ್ಲೇ ಗೊತ್ತದ. ಪ್ರತಿ ವರ್ಷ ಗೊತ್ತಾಗ್ತದ. ಇನ್ನೆಷ್ಟು ಸಲ ಗೊತ್ತಾಗ್ಬೇಕ್ರಿ?

ಇರಲಿ, ಸರ್ಕಾರ ಸುಮ್ಮ ಕುಂತಿಲ್ಲ. 2025ರ ಅಕ್ಟೋಬರ್‌ನಾಗ ಎಸ್ಸೆಸ್ಸೆಲ್ಸಿ ಪಾಸಿಂಗ್ 35 ಇದ್ದದ್ದು 33 ಮಾಡ್ಯಾರ. ಒಂದೇ ಒಂದು ಪೋಸ್ಟ್ ತುಂಬದಂಗ, ಒಂದು ಸೀಮೆಸುಣ್ಣದ ಖರ್ಚಿಲ್ದಂಗ ಗುಣಮಟ್ಟ ಏರಿಸಾಕ ಬರ್ತದ ಅಂತ ನಮಗ್ಯಾಕ ಹೊಳೀಲಿಲ್ಲ.

ಈಗ ಎಂಟನೇದವರ ಟೆಸ್ಟ್ ಸುಧಾರಣಾಕ್ಕ ಕಾರ್ಯಾಗಾರ ಮಾಡ್ತಾರಂತ, ಎಸಿ ಹಾಲಿನಾಗ, ಎಲ್ಲಾ ಮಾಸ್ತರ್‌ಗೋಳು ಕಡ್ಡಾಯ ಬರ್ಬೇಕು. ವರ್ಕಿಂಗ್ ಡೇನಾಗೇ ಇಟ್ಟಾರ. ಸಾಲಿ ಯಾರು ನೋಡ್ಕೋಬೇಕು ಅಂತ ಒಬ್ಬ ಮಾಸ್ತರ್ ಗ್ರೂಪಿನಾಗ ಕೇಳಿದ್ದಕ್ಕ ಉತ್ತರ ಬಂದದ, ಮಧ್ಯಾಹ್ನದ ಊಟದ ವ್ಯವಸ್ಥಾ ಅದ, ಟೈಮಿಗಿ ಬರ್ರಿ.