ಅದು ಬೀಜಕ್ಕೆ, ಮುಟ್ಟಬೇಡಿ

ನಮ್ಮ ಹಿತ್ತಲಲ್ಲಿ ಬೆಳೆಯುವ ತರಕಾರಿಯಲ್ಲಿ ಎರಡೇ ಜಾತಿ. ಹುಳ ಕೊರೆದದ್ದು, ಸೊಟ್ಟಗಾದದ್ದು, ಅರ್ಧ ಬೆಳೆದು ಬೇಜಾರಾಗಿ ನಿಂತದ್ದು, ಇವೆಲ್ಲ ಅಡುಗೆಗೆ. ನೆಟ್ಟಗೆ, ಗಟ್ಟಿಯಾಗಿ, ಹೊಳೆಯುತ್ತಾ ನೇತಾಡುವುದು ಬೀಜಕ್ಕೆ. ಸಾಗರದ ಪಕ್ಕದ ಹಳ್ಳಿಯಲ್ಲಿ ಸ್ವಂತ ಹಿತ್ತಲಿರುವ ಮನೆಯಲ್ಲಿದ್ದೂ ನಾನು ವರ್ಷವಿಡೀ ತಿನ್ನುವುದು ಮೊದಲನೇ ಜಾತಿಯನ್ನೇ. ಬೆಂಗಳೂರಿನ ನೆಂಟರು "ನಿಮಗೇನ್ರೀ, ಮನೇಲೇ ಬೆಳೆದ ಫ್ರೆಶ್ ತರಕಾರಿ" ಅಂದಾಗೆಲ್ಲ ಸುಮ್ನೆ ನಗುತ್ತೇನೆ.

ನನ್ನ ಹೆಂಡತಿ ಬೀಜ ಉಳಿಸುವವಳು. ಅವಳ ನಿಯಮ ಸರಳ. ಬಳ್ಳಿಯ ಮೊದಲ ಕಾಯಿ ಬೇಡ, ಕೊನೆಯದೂ ಬೇಡ, ನಡುವೆ ಬಿಟ್ಟಿದ್ದರಲ್ಲಿ ರೋಗ ಕಾಣದ ಬಳ್ಳಿಯ ಚೆಂದದ ಕಾಯಿಯನ್ನು ಬಲಿಯಲು ಬಿಡಬೇಕು. "ಚೆನ್ನಾಗಿರೋದನ್ನ ತಿಂದು, ಸೊಟ್ಟಗಿರೋದನ್ನ ಬೀಜಕ್ಕೆ ಬಿಟ್ರೆ ಮುಂದಿನ ವರ್ಷ ಸೊಟ್ಟದ್ದೇ ಬರತ್ತೆ" ಅನ್ನುತ್ತಾಳೆ. ಮಾತು ಸರಿಯೇ. ಆದರೆ ಮುಂದಿನ ವರ್ಷ ಬರುವ ಚೆಂದದ ಕಾಯಿಯೂ ಬೀಜಕ್ಕೇ ಹೋಗುತ್ತದಲ್ಲ, ಅದನ್ನು ಕೇಳಿದರೆ ಉತ್ತರವಿಲ್ಲ. ಇದರ ಮೇಲೆ ಇನ್ನೊಂದು ನಷ್ಟ. ಬೆಂಡೆಯೋ ಸೌತೆಯೋ, ಒಂದು ಕಾಯಿಯನ್ನು ಪೂರ್ತಿ ಬಲಿಯಲು ಬಿಟ್ಟರೆ ಗಿಡದ ಶಕ್ತಿಯೆಲ್ಲ ಆ ಕಡೆ ಹರಿದು ಹೊಸ ಕಾಯಿ ಬಿಡುವುದೇ ಕಡಿಮೆಯಾಗುತ್ತದೆ. ಅಂದರೆ ನನ್ನ ಪಾಲಿನ ಸೊಟ್ಟ ಕಾಯಿಗೂ ಕತ್ತರಿ.

ಬೀಜದ ಕಾಯಿಯ ಗುರುತಿಗೆ ಅವಳು ಕೆಂಪು ಬಟ್ಟೆಯ ಚೂರು ಕಟ್ಟುತ್ತಾಳೆ. ಒಮ್ಮೆ ಊರಿಂದ ಬಂದಿದ್ದ ಚಿಕ್ಕಪ್ಪ ಬೆಳಿಗ್ಗೆ ಹಿತ್ತಲು ಸುತ್ತಿ, ಅಷ್ಟೂ ಬಟ್ಟೆ ಕಟ್ಟಿದ ಹಾಲುಬೆಂಡೆಗಳನ್ನು ಕೊಯ್ದು ತಂದು ಅಡುಗೆಮನೆ ಕಟ್ಟೆಯ ಮೇಲಿಟ್ಟರು. "ಸೊಸೆ ಎಷ್ಟು ಅಚ್ಚುಕಟ್ಟು ನೋಡು, ಯಾವುದು ಕೊಯ್ಯಬೇಕು ಅಂತ ಗುರುತು ಬೇರೆ ಹಾಕಿದಾಳೆ." ಹಿರಿಯರಿಗೆ ಎದುರು ಮಾತಾಡುವ ಹಾಗಿಲ್ಲ. ಅವತ್ತು ಊಟಕ್ಕೆ ಬೆಂಡೆಕಾಯಿ ಪಲ್ಯ, ಬಡಿಸಿದವಳ ಮುಖದಲ್ಲಿ ಸೂತಕದ ಕಳೆ. ಬಲಿತ ಬೆಂಡೆ ನಾರುನಾರಾಗಿತ್ತು, ಯಾರಿಗೂ ಜಗಿಯಲಾಗಲಿಲ್ಲ. ಚಿಕ್ಕಪ್ಪ ಮಾತ್ರ ಪಟ್ಟು ಬಿಡದೆ ತಿಂದರು.

ಈ ಬೀಜದ ಗೀಳು ಅವಳೊಬ್ಬಳದ್ದಲ್ಲ ಅನ್ನುವುದು ನನಗೆ ಮದುವೆಯಾದ ಮೇಲೆ ಗೊತ್ತಾಯಿತು. ಅವಳ ತವರು ಶಿರಸಿ ಸೀಮೆ. ಅಲ್ಲಿ ವನಸ್ತ್ರೀ ಅಂತ ಮಹಿಳೆಯರ ಬೀಜ ಕೂಟವೇ ಇದೆ, 2001ರಲ್ಲಿ ಸುನೀತಾ ರಾವ್ ಶುರು ಮಾಡಿದ್ದು. ಮಲೆನಾಡಿನ ಹಿತ್ತಲುಗಳಲ್ಲಿ ಹೆಂಗಸರು ಕಾಪಾಡಿಕೊಂಡು ಬಂದ ತರಕಾರಿ, ಹೂವಿನ ಬೀಜಗಳನ್ನು ಉಳಿಸಿ ಹಂಚುವುದು ಅವರ ಕೆಲಸ. ಅವರು ನಡೆಸುವ ಮಲೆನಾಡು ಮೇಳಕ್ಕೆ ಹೋಗುವುದೆಂದರೆ ನನ್ನವಳಿಗೆ ಜಾತ್ರೆ. ನಾನು ಚೀಲ ಹಿಡಿದುಕೊಂಡು ಹಿಂದೆ.

ಕಾನೂನೂ ಅವಳ ಪರ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ತಾವು ಬೆಳೆದ ಬೀಜ ಉಳಿಸುವ, ಬಿತ್ತುವ, ಬದಲಾಯಿಸಿಕೊಳ್ಳುವ, ಹಂಚುವ, ಮಾರುವ ಹಕ್ಕು ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವ ಹಾಗಿಲ್ಲ, ಅಷ್ಟೇ. ಬೆಳೆದದ್ದನ್ನು ತಿನ್ನುವ ಗಂಡನ ಹಕ್ಕಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ.

ಬೀಜ ಕೊಟ್ಟು ತರುವ ವ್ಯವಹಾರವೇ ಒಂದು ಲೋಕ. ದುಡ್ಡಿನ ಮಾತೇ ಇಲ್ಲ, ಹಾಗಂತ ಲೆಕ್ಕ ಇಲ್ಲ ಅಂದುಕೊಳ್ಳಬೇಡಿ. ಯಾರ ಮನೆಗೆ ಎಷ್ಟು ಬೀಜ ಹೋಯಿತು, ಅವರು ತಿರುಗಿ ಏನು ಕೊಟ್ಟರು, ಎಲ್ಲ ಬಾಯಿಪಾಠ. ಬೀಜಕ್ಕೆ ಹೆಸರು ಬರುವುದೂ ಕೊಟ್ಟವರಿಂದಲೇ. ನಮ್ಮಲ್ಲಿ ದೊಡ್ಡಮ್ಮನ ಹೀರೆ ಇದೆ, ಪೋಸ್ಟ್‌ಮ್ಯಾನ್ ಹಾಗಲ ಇದೆ. ಕಂಡಕ್ಟರ್ ಮನೆ ಅವರೆಯಂತೂ ಬಹಳ ದಿನ ಮಾತಿನಲ್ಲೇ ಇತ್ತು. ಎಲ್ಲೂ ಸಿಗದ ತಳಿ, ಚಪ್ಪರದ ತುಂಬಾ ಬಿಡುತ್ತದೆ ಅಂತ ಸುದ್ದಿ. ಅದಕ್ಕಾಗಿ ನನ್ನವಳು ಅಪರೂಪದ ಪಡುವಲ ಬೀಜ, ಬಿಳಿ ಅಲಸಂದೆ ಬೀಜ ಎರಡನ್ನೂ ಕೊಟ್ಟು ಒಂದು ಹಿಡಿ ತಂದಳು. ಬಿತ್ತಿ, ಬೆಳೆದು, ಕಾಯಿ ಬಿಟ್ಟ ಮೇಲೆ ನೋಡಿದರೆ ಅದು ನಮ್ಮದೇ ಅವರೆ! ಅವಳು ಯಾವುದೋ ಕಾಲದಲ್ಲಿ ನಾದಿನಿಗೆ ಕೊಟ್ಟದ್ದು, ನಾದಿನಿ ಪಕ್ಕದ ಮನೆಗೆ ಕೊಟ್ಟದ್ದು, ಅಲ್ಲಿಂದ ಕಂಡಕ್ಟರ್ ಮನೆಗೆ ಹೋಗಿ ಹೆಸರು ಮಾಡಿ ವಾಪಸ್ ಬಂದಿತ್ತು. ಅವರೆ ಹೂವು ಹೆಚ್ಚಾಗಿ ತನ್ನೊಳಗೇ ಕಾಯಿ ಕಟ್ಟಿಕೊಳ್ಳುವುದರಿಂದ ಇಷ್ಟು ಮನೆ ತಿರುಗಿದರೂ ಜಾತಿ ಕೆಟ್ಟಿರಲಿಲ್ಲ. ಅದೊಂದೇ ಸಮಾಧಾನ. ಪಡುವಲ ಮಾತ್ರ ಹೋಯಿತು.

ಬದನೆಯ ಕಥೆ ಹಾಗಲ್ಲ. ಉಡುಪಿ ಕಡೆಯ ನೆಂಟರೊಬ್ಬರು ಮಟ್ಟು ಗುಳ್ಳದ ಬೀಜ ಕೊಟ್ಟರು. ವಾದಿರಾಜರು ಕೊಟ್ಟ ಬೀಜ ಅನ್ನುವ ಐತಿಹ್ಯ ಇರುವ, 2011ರಲ್ಲಿ ಜಿಐ, ಅಂದರೆ ಇಂಥ ಊರಿನದೇ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬದನೆ ಅದು. ಅದರ ಊರಾದ ಮಟ್ಟುವಿನ ಮಣ್ಣು ನಮ್ಮಲ್ಲಿಲ್ಲ, ಇರಲಿ, ಆಸೆ ಬಿಡಬೇಕಲ್ಲ. ಮೊದಲ ವರ್ಷ ಗುಂಡಗೆ, ಹಸಿರಾಗಿ ಬಂತು. ಎಲ್ಲ ಬೀಜಕ್ಕೆ. ಬದನೆಯೂ ಹೆಚ್ಚಾಗಿ ತಾನೇ ಕಾಯಿ ಕಟ್ಟುತ್ತದೆ, ಆದರೆ ಜೇನ್ನೊಣ ಪಕ್ಕದ ಸಾಲಿನ ಉದ್ದ ಬದನೆಯ ಪರಾಗ ತಂದರೆ ತಡೆಯುವವರು ಯಾರು? ಮರುವರ್ಷ ಬಂದದ್ದು ಉದ್ದವೂ ಅಲ್ಲದ, ಗುಂಡೂ ಅಲ್ಲದ, ನೇರಳೆ ಗೆರೆಯ ಯಾವುದೋ ವಸ್ತು. ಉಡುಪಿಯ ನೆಂಟರಿಗೆ ಫೋಟೋ ಕಳಿಸಿದೆವು. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ.

ಸೋರೆ, ಕುಂಬಳ, ಸೌತೆಯಲ್ಲಂತೂ ಇದು ಇನ್ನೂ ಜಾಸ್ತಿ. ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ, ನಡುವೆ ಓಡಾಡುವುದು ಕೀಟಗಳು. ತಮಾಷೆ ಏನೆಂದರೆ ಈ ವರ್ಷದ ಕಾಯಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬೆರಕೆಯಾಗಿರುವುದು ಒಳಗಿನ ಬೀಜ. ಅದನ್ನು ಬಿತ್ತಿ ಮುಂದಿನ ವರ್ಷ ಕಾಯಿ ಬಿಟ್ಟಾಗ ಬಣ್ಣ ಬಯಲು. ಕಹಿ ತಳಿಯ ಜೊತೆ ಬೆರೆತಿದ್ದರೆ ಸೋರೆ ಕಹಿಯಾಗುತ್ತದೆ, ಕಹಿ ಸೋರೆ ತಿಂದರೆ ವಾಂತಿ, ಭೇದಿ, ಆಸ್ಪತ್ರೆ. ಆದ್ದರಿಂದ ಸೋರೆ ಹೆಚ್ಚುವಾಗ ಹಸಿ ಚೂರು ನಾಲಿಗೆಗೆ ಮುಟ್ಟಿಸಿ ಉಗಿದು ಪರೀಕ್ಷೆ ಮಾಡಬೇಕು. ನಾಲಿಗೆ ನನ್ನದು.

ಬೆರಕೆ ಆಗಬಾರದೆಂದರೆ ಹೂವು ಅರಳುವ ಮುಂಚೆ ಮೊಗ್ಗಿನ ತುದಿಗೆ ದಾರ ಕಟ್ಟಬೇಕು. ಅರಳುವ ಹೊತ್ತಿಗೆ ನಾವೇ ಗಂಡು ಹೂವು ತಂದು ಹೆಣ್ಣು ಹೂವಿಗೆ ಮುಟ್ಟಿಸಿ ಮತ್ತೆ ಕಟ್ಟಬೇಕು. ಕುಂಬಳದ ಹೂವು ಬೆಳಿಗ್ಗೆ ಅರಳುತ್ತದೆ, ಸಭ್ಯ ಹೂವು. ಸೋರೆ ಅರಳುವುದು ಮುಸ್ಸಂಜೆ. ಹಾಗಾಗಿ ಕತ್ತಲಾಗುವ ಹೊತ್ತಲ್ಲಿ ನಾನು ಟಾರ್ಚ್ ಹಿಡಿದು, ಅವಳು ಕೈಯಲ್ಲಿ ಕೆಂಪು ದಾರ ಹಿಡಿದು, ಮಾತಾಡದೆ ಹಿತ್ತಲಲ್ಲಿ ಬಗ್ಗಿ ನಿಂತಿದ್ದೆವು. ಇರುವೆಗೆ ಅಂತ ಬುಡಕ್ಕೆ ಸುತ್ತ ಬೂದಿ ಬೇರೆ ಹಾಕಿತ್ತು. ಬೇಲಿಯಾಚೆ ಪಕ್ಕದ ಮನೆಯ ಅಜ್ಜಿ. ನೋಡಿದವರೇ "ರಾಮ ರಾಮ" ಅನ್ನುತ್ತಾ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಮಾರನೇ ದಿನ ಅವರ ಗೇಟಿಗೆ ನಿಂಬೆಹಣ್ಣು, ಮೆಣಸಿನಕಾಯಿ ನೇತಾಡುತ್ತಿತ್ತು. ನನ್ನವಳು ಹೋಗಿ ಎಲ್ಲ ವಿವರಿಸಿ, ಸಮಾಧಾನಕ್ಕೆ ಸೋರೆ ಬೀಜ ಕೊಟ್ಟು ಬಂದಳು. ಅಜ್ಜಿ ತೆಗೆದುಕೊಂಡರಂತೆ. ಬಿತ್ತಿದ್ದನ್ನು ನಾನಂತೂ ನೋಡಿಲ್ಲ.

ಉಳಿಸಿದ ಬೀಜ ಇಡುವುದು ಎಲ್ಲಿ? ಮೊಗೆಕಾಯಿ, ಅಂದರೆ ಸಾಂಬಾರ್ ಸೌತೆಯ ಬೀಜವನ್ನು ನಮ್ಮ ಹಿಂದಿನವರು ಸೆಗಣಿ, ಬೂದಿಯಲ್ಲಿ ಕಲಸಿ ಗೋಡೆಗೆ ತಟ್ಟುತ್ತಿದ್ದರು. ಹುಳ ಮುಟ್ಟುವುದಿಲ್ಲ, ತೇವ ಹಿಡಿಯುವುದಿಲ್ಲ. ಆದರೆ ಆಗಿನದು ಮಣ್ಣಿನ ಗೋಡೆ. ನಾನು ಸಾಲ ಮಾಡಿ ಜಗಲಿಗೆ ಬಣ್ಣ ಹೊಡೆಸಿದ ವಾರವೇ ಅಲ್ಲಿ ಸಾಲಾಗಿ ಸೆಗಣಿ ಬಿಲ್ಲೆಗಳು ಕೂತವು. "ಇಲ್ಲೇ ಒಳ್ಳೆ ಗಾಳಿ ಆಡತ್ತೆ ಕಣ್ರೀ." ಮಳೆ ಬಿದ್ದ ಮೇಲೆ ಬಿತ್ತನೆಗೆ ಅಂತ ಕಿತ್ತಾಗ ಬೀಜ ಬಂತು, ಜೊತೆಗೆ ಬಣ್ಣವೂ ಬಂತು. ಬಣ್ಣದವನು ಬಂದು ನೋಡಿ "ಸಾರ್, ಇದು ಯಾವ ಡಿಸೈನ್?" ಅಂದ.

ಟೊಮೆಟೊ ಬೀಜದ ಕಷ್ಟ ಮೂಗಿಗೆ. ಬೀಜದ ಸುತ್ತ ಇರುವ ಲೋಳೆ ಮೊಳಕೆಯನ್ನು ತಡೆಯುತ್ತದೆ, ಆದ್ದರಿಂದ ತಿರುಳಿನ ಸಮೇತ ಲೋಟದಲ್ಲಿ ಎರಡು ಮೂರು ದಿನ ಹುಳಿಯಲು ಬಿಟ್ಟು ತೊಳೆಯಬೇಕು. ಅವಳು ಲೋಟ ಫ್ರಿಜ್ಜಿನ ಮೇಲಿಟ್ಟು ತವರಿಗೆ ಹೋದಳು, ನನಗೆ ಹೇಳಲಿಲ್ಲ. ಮನೆಯಲ್ಲಿ ವಾಸನೆ ಶುರುವಾಯಿತು. ಇಲಿ ಸತ್ತಿದೆ ಅಂತ ನಾನೂ ಪಕ್ಕದ ಮನೆಯ ಹುಡುಗನೂ ಬೀರು ಸರಿಸಿದೆವು, ಮಂಚ ಎತ್ತಿದೆವು, ಅಟ್ಟದಿಂದ ಅಜ್ಜನ ಕಾಲದ ಹಂಡೆ ಇಳಿಸಿದೆವು. ಇಲಿ ಸಿಗಲಿಲ್ಲ. ಹಂಡೆ ಮತ್ತೆ ಮೇಲೆ ಹೋಗಲೂ ಇಲ್ಲ, ಇವತ್ತಿಗೂ ನಡುಮನೆಯಲ್ಲಿದೆ. ರಾತ್ರಿ ಫೋನ್ ಮಾಡಿದವಳು ಊಟ ಆಯ್ತಾ ಅಂತಲೂ ಕೇಳದೆ "ಲೋಟದ ಮೇಲೆ ಬಿಳಿ ಕೆನೆ ಕಟ್ಟಿದೆಯಾ ನೋಡಿ" ಅಂದಳು.

ಒಣಗಿದ ಬೀಜ ಹೋಗುವುದು ಕವರಿಗೆ. ನಮ್ಮಲ್ಲಿ ಕವರ್ ಅಂದರೆ ಮುಯ್ಯಿ ಕವರ್. ಮೂಲೆಯಲ್ಲಿ ಒಂದು ರೂಪಾಯಿ ಅಂಟಿಸಿರುತ್ತದಲ್ಲ, ಅದೇ. ದಪ್ಪ ಕಾಗದ, ಬೀಜಕ್ಕೆ ಸರಿಯಾಗುತ್ತದಂತೆ. ಕಳೆದ ಬೇಸಿಗೆ ಸಿದ್ದಾಪುರ ಕಡೆ ಅವಳ ಸೋದರಮಾವನ ಮಗನ ಮದುವೆ. ಹೊರಡುವ ಗಡಿಬಿಡಿಯಲ್ಲಿ ಅವಳೇ ಕಪಾಟಿನಿಂದ ಕವರ್ ತೆಗೆದು ನನ್ನ ಜೇಬಿಗಿಟ್ಟಳು. ನಾನು ಮಂಟಪ ಹತ್ತಿ ಕೊಟ್ಟೆ, ಫೋಟೋಗೆ ನಿಂತೆ, ಇಳಿದು ಹೋಳಿಗೆ ಊಟ ಮಾಡಿದೆ. ಜೂನ್‌ನಲ್ಲಿ ಮಳೆ ಹಿಡಿದು ಬಿತ್ತನೆಗೆ ಕೂತಾಗ ಸೌತೆ ಬೀಜದ ಕವರಿನಿಂದ ಐನೂರರ ನೋಟು ಹೊರಬಂತು.

ಅವಳು ಕೂತಲ್ಲೇ ಕೂತಳು. "ಅಯ್ಯೋ, ಆ ಸೌತೆ ಬೀಜ ಅಷ್ಟೇ ಇದ್ದಿದ್ದು!" ಐನೂರರ ಬಗ್ಗೆ ಒಂದು ಮಾತಿಲ್ಲ. ಫೋನ್ ಮಾಡಿದರೆ ಮಾವ ಖುಷಿಯಲ್ಲಿದ್ದರು. ಕವರಿನ ಮೇಲೆ ಅವಳು ಪೆನ್ಸಿಲಿನಲ್ಲಿ "ಒಳ್ಳೆಯದು, ಕಹಿ ಇಲ್ಲ" ಅಂತ ಬರೆದಿದ್ದಳಂತೆ. ಅದನ್ನು ಅವರು ವಧೂವರರಿಗೆ ಆಶೀರ್ವಾದ ಅಂದುಕೊಂಡು ಬಂದ ನೆಂಟರಿಗೆಲ್ಲ ಓದಿ ತೋರಿಸಿದ್ದರು. ಬೀಜವನ್ನೂ ಬಿತ್ತಿಯಾಗಿತ್ತು. "ಚೌತಿ ಕಳೆದ ಮೇಲೆ ಬನ್ನಿ, ಒಂದು ಒಳ್ಳೆ ಕಾಯಿ ಹಣ್ಣಾಗಕ್ಕೆ ಬಿಟ್ಟಿರ್ತೀವಿ" ಅಂದರು.

ಹೋದೆವು. ಅತ್ತೆ ಬಾಳೆ ಎಲೆಯಲ್ಲಿ ಬೇಯಿಸಿದ ಹಣ್ಣುಸೌತೆ ಕಡುಬು ಬಡಿಸಿದರು, ಮೇಲೆ ತುಪ್ಪ. ಎಂಥ ರುಚಿ! ನಮ್ಮನೆಯಲ್ಲಿ ಸೌತೆ ಹಣ್ಣಾದ ಮೇಲೂ ಬೀಜ ಬಲಿಯಲಿ ಅಂತ ಒಂದೆರಡು ವಾರ ಮೂಲೆಯಲ್ಲಿಡುತ್ತಾಳೆ, ಅಷ್ಟೊತ್ತಿಗೆ ತಿರುಳು ಹುಳಿಯಾಗಿ ದನಕ್ಕೆ ಹೋಗುತ್ತದೆ. ನಾನು ಕೇಳಿ ಕೇಳಿ ಹಾಕಿಸಿಕೊಂಡೆ. ಊಟದ ಕೊನೆಗೆ ಅವಳು ಕೇಳಿದಳು, "ಅತ್ತೆ, ಬೀಜಕ್ಕೆ ಬಿಟ್ಟ ಕಾಯಿ ಎಲ್ಲಿ?"

"ನೀವು ಬರ್ತೀರಿ ಅಂತ ಅದನ್ನೇ ಕೊಯ್ದೆ ಮಾರಾಯ್ತಿ. ಮನೇಲಿ ಚೆನ್ನಾಗಿದ್ದಿದ್ದು ಅದೊಂದೇ."

ನನ್ನ ಎಲೆ ಖಾಲಿಯಾಗಿತ್ತು. ಅವಳು ನನ್ನನ್ನು ನೋಡಿದ ರೀತಿ ಇಲ್ಲಿ ಬರೆಯುವುದು ಬೇಡ. ಕೈ ತೊಳೆದವಳೇ ಬಚ್ಚಲ ಹಿಂದಿನ ಬಾಳೆ ಬುಡಕ್ಕೆ ಹೋದಳು, ಸಿಪ್ಪೆ, ಬೀಜ ಎಲ್ಲ ಅಲ್ಲಿ ಎಸೆದಿದ್ದರು. ಹಿಂದೆ ಮದುಮಗಳು ಚೊಂಬಲ್ಲಿ ನೀರು ಹಿಡಿದು ನಿಂತಳು. ಇಬ್ಬರೂ ಸೇರಿ ಹೆಕ್ಕಿ, ತೊಳೆದು, ಒಂದು ಹಿಡಿಯಷ್ಟು ಒಟ್ಟು ಮಾಡಿದರು. ಅರ್ಧ ಮದುಮಗಳೇ ಇಟ್ಟುಕೊಂಡಳು. ಆ ಮನೆಯ ಗಂಡನಿಗೂ ಶುರುವಾಯಿತು ಪಾಪ, ಅಂದುಕೊಂಡೆ.

ಹೊರಡುವಾಗ ನಾನು ಐನೂರ ಒಂದು ರೂಪಾಯಿಯ ಕವರ್ ಮುಂದೆ ಹಿಡಿದೆ. ಮಾವ ಒಳಗಿಂದ ಮುಯ್ಯಿ ಪುಸ್ತಕ ತಂದು ನಮ್ಮ ಹೆಸರಿನ ಸಾಲು ತೋರಿಸಿದರು. ಎದುರಿಗೆ "ಸೌತೆ ಬೀಜ, ಒಂದು ಕವರ್" ಅಂತ ದುಂಡಗೆ ಬರೆದಿತ್ತು.

"ಪೆನ್ನಲ್ಲಿ ಬರೆದಾಗಿದೆ, ಇನ್ನು ತಿದ್ದಕ್ಕೆ ಆಗಲ್ಲ. ನಿಮ್ಮ ಮನೆ ಕಾರ್ಯಕ್ಕೂ ನಾವು ಅದನ್ನೇ ತರೋದು" ಅಂದರು.