ಅಂಗಿಯ ಒಳಗಿನ ಚೀಟಿ

ಸದ್ದಿಲ್ಲದ ಸಿರಿವಂತಿಕೆ ಎಂಬ ಹೊಸ ಖಯಾಲಿ ಈಗ ಶಿರಸಿಯ ಮದುವೆ ಮಂಟಪದವರೆಗೂ ಬಂದು ಮುಟ್ಟಿದೆ. ಜರಿಯಿಲ್ಲ, ಕಂಪನಿಯ ಗುರುತಿಲ್ಲ, ಗಂಜಿ ತಿಳಿಯಂಥ ಬಣ್ಣ. ಬೆಲೆ ಮಾತ್ರ ಎದೆ ಝಲ್ಲೆನಿಸುವಂಥದ್ದು. ಕೊಡುವವರು ಕೊಡಲಿ, ಅವರ ಜೇಬು. ನನ್ನ ತಕರಾರು ಒಳಗೆ ಹೊಲಿದ ಚೀಟಿಯದು.

ತಂಗಿಯ ಮಗ ಬೆಂಗಳೂರಿನಿಂದ ಉಡುಗೊರೆಯಾಗಿ ತಂದ ಲಿನನ್ ಅಂಗಿಗೆ ಸೆಣಬಿನ ದಾರದಲ್ಲಿ ಒಂದು ರಟ್ಟು ಕಟ್ಟಿದ್ದರು: ‘ಭೂಮಿಗೆ ಹೊರೆಯಲ್ಲದ ಉಡುಪು’. ಕಾಲರಿನ ಒಳಗೆ ನೋಡಿದರೆ, ‘ಡ್ರೈಕ್ಲೀನ್ ಮಾತ್ರ’! ಲಿನನ್ ಎಂದರೆ ಅಗಸೆ ಗಿಡದ ನಾರು. ಒದ್ದೆಯಾದಾಗ ಅದರ ಗಟ್ಟಿತನ ಹೆಚ್ಚುತ್ತದೆ, ಒಗೆದಷ್ಟೂ ಮೈಗೆ ಮೆತ್ತಗಾಗುತ್ತದೆ. ಅಂಥದ್ದನ್ನು ಪರ್‌ಕ್ಲೋರೋಎಥಿಲೀನ್‌ನಂಥ ರಾಸಾಯನಿಕದಲ್ಲಿ ಅದ್ದಿಸಿ ಎನ್ನುವವರಿಗೆ ಭೂಮಿಯ ಚಿಂತೆಯಂತೆ. ಗುಂಡಿಗಳೋ, ಮೊದಲ ದಿನವೇ ಒಂದೆಳೆ ದಾರದಲ್ಲಿ ನೇತಾಡುತ್ತಿದ್ದವು.

ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಮಹಿಳೆಯರು ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರೆ. ಒತ್ತೊತ್ತಾಗಿ ಹಾಕಿದ ಆ ಹೊಲಿಗೆ ಎಳೆದರೂ ಬಿಡುವುದಿಲ್ಲ. ಬಟ್ಟೆ ಬಾಳಿಕೆ ಬರಬೇಕೆಂದರೆ ಮೊದಲು ಹೊಲಿಗೆ ನೆಟ್ಟಗಿರಬೇಕು, ಜಾಹೀರಾತು ಆಮೇಲೆ.

ಇನ್ನು ನಮ್ಮ ಆಷಾಢ. ದಿನಗಟ್ಟಲೆ ಬಿಸಿಲಿನ ಮುಖವಿಲ್ಲ. ಬಚ್ಚಲೊಲೆಯ ಮೇಲೆ ಒಣಗಿಸಿದ್ದಕ್ಕೆ ಹೊಗೆಯ ವಾಸನೆ, ಕಪಾಟಿನಲ್ಲಿಟ್ಟದ್ದಕ್ಕೆ ಬೂಷ್ಟು. ತಿಕ್ಕಿ ಒಗೆಯಲಾಗದ ಅಂಗಿಯನ್ನು ಇಟ್ಟುಕೊಂಡು ಪೂಜೆ ಮಾಡುವುದೇ? ಅಂಗಡಿಗೆ ಫೋನ್ ಮಾಡಿ ಕೇಳಿದೆ. ‘ಆಗಾಗ ಗಾಳಿಗೆ ಹಾಕಿ ಸರ್, ಸಾಕು’ ಎಂದರು. ಜುಲೈ ತಿಂಗಳ ಶಿರಸಿಯ ಗಾಳಿಗೆ ಕರಿದ ಹಪ್ಪಳವೇ ಮೆತ್ತಗಾಗುತ್ತದೆ, ಮಹಾರಾಯರೇ!