ಸತ್ಯಾಂಶ: ಲೆಡ್ ಜೆಪ್ಲಿನ್ ಕೋರ್ಟಿನಲ್ಲಿ ಸೋತಿತ್ತಾ?

ಬ್ರಿಟನ್ನಿನ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್ ಬಗ್ಗೆ ‘ಸ್ಟೇರ್‌ವೇ ಟು ಹೆವನ್ ಕದ್ದ ಹಾಡು, ಕೋರ್ಟೇ ಹೇಳಿದೆ’ ಅನ್ನೋ ಫಾರ್ವರ್ಡ್ ಆಗಾಗ ಬರುತ್ತದೆ. ಕೋರ್ಟ್ ಹೇಳಿದ್ದು ಇದಕ್ಕೆ ಉಲ್ಟಾ.

ಸ್ಪಿರಿಟ್ ಎಂಬ ಅಮೆರಿಕದ ಬ್ಯಾಂಡ್ 1968ರಲ್ಲಿ ‘ಟಾರಸ್’ ಎಂಬ ಗಿಟಾರ್ ತುಣುಕು ಹೊರತಂದಿತ್ತು. ಲೆಡ್ ಜೆಪ್ಲಿನ್ ಹಾಡು ಬಂದದ್ದು 1971ರಲ್ಲಿ. ಎರಡರ ಶುರು ಕೇಳಿದರೆ ಹೋಲಿಕೆ ಇದೆ, ಸುಳ್ಳು ಹೇಳಬಾರದು. 2014ರಲ್ಲಿ ಕೇಸಾಯಿತು. 2016ರಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ (ತೀರ್ಪು ಕೊಡುವ ನಾಗರಿಕರ ತಂಡ), ಬ್ಯಾಂಡಿನವರು ಟಾರಸ್ ಕೇಳಿರುವ ಅವಕಾಶ ಇತ್ತು, ಆದರೆ ಇದು ಕಾಪಿ ಅಲ್ಲ ಎಂದಿತು. 2018ರಲ್ಲಿ ಮರುವಿಚಾರಣೆಗೆ ಆದೇಶವಾಯಿತು. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲೇ. 2020ರಲ್ಲಿ ಮೇಲ್ಮನವಿ ಕೋರ್ಟಿನ ದೊಡ್ಡ ಪೀಠ ಜ್ಯೂರಿಯ ಹಳೇ ತೀರ್ಪನ್ನೇ ಎತ್ತಿಹಿಡಿಯಿತು. ಅಮೆರಿಕದ ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಎರಡರಲ್ಲೂ ಇರುವ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಆ ಸ್ವರಸಾಲು ಯಾರಪ್ಪನ ಆಸ್ತಿಯೂ ಅಲ್ಲ, ಎಷ್ಟೋ ಹಳೇ ಸಂಗೀತದಲ್ಲಿದೆ.

ಹಾಗಂತ ಅಭಿಮಾನಿಗಳು ಜಾಸ್ತಿ ಬೀಗುವಂತೆಯೂ ಇಲ್ಲ. ಇದೇ ಬ್ಯಾಂಡಿನ ‘ಹೋಲ್ ಲಾಟಾ ಲವ್’ ಹಾಡಿನ ಸಾಲುಗಳು ಬ್ಲೂಸ್ ಗೀತೆಕಾರ ವಿಲ್ಲಿ ಡಿಕ್ಸನ್ ಅವರ ರಚನೆಯಿಂದ ಬಂದವು. 1985ರಲ್ಲಿ ಅವರು ಕೇಸ್ ಹಾಕಿದರು, ಅದು ರಾಜಿಯಲ್ಲಿ ಮುಗಿಯಿತು. ಈಗ ಆ ಹಾಡಿನ ಜೊತೆ ಅವರ ಹೆಸರೂ ಇದೆ.